ತ್ರೀ ನಾಟ್ ತ್ರೀಯೋ, ಮಾರ್ಟಿನಿಯೋ? ಹಳೆಯ ಕಾಲದ ಕಥೆಗೆ ಸರಿಯಾದ ಕೋವಿ ಆರಿಸುವ ಬಗೆ

ಸ್ವಾತಂತ್ರ್ಯ ಹೋರಾಟದ ನಾಟಕ ಆಡಿಸುವವರು, ಕಿರುಚಿತ್ರಕ್ಕೆ ಕಲಾ ನಿರ್ದೇಶನ ಮಾಡುವವರು, ಯುದ್ಧದ ಆಟಗಳಿಗೆ ಮಾದರಿ ಕಟ್ಟುವವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಬ್ರಿಟಿಷರ ಕಾಲದ ಸಿಪಾಯಿಯ ಕೈಗೆ ಯಾವ ಬಂದೂಕು ಕೊಡಬೇಕು?" ಬಾಡಿಗೆ ಅಂಗಡಿಯಲ್ಲಿ ಸಿಗುವುದು ಒಂದು ಬಗೆ, ಇಂಟರ್‌ನೆಟ್ ಚಿತ್ರದಲ್ಲಿ ಕಾಣುವುದು ಇನ್ನೊಂದು ಬಗೆ. ಬಡಗಿಯನ್ನು ಕೇಳಿದರೆ ಅವನು ಮೂರನೆಯದನ್ನು ಕೆತ್ತಿಕೊಡುತ್ತಾನೆ. ಕೊನೆಗೆ 1857ರ ಸಿಪಾಯಿ 1960ರ ದಶಕದ ರೈಫಲ್ ಹಿಡಿದು ರಂಗಕ್ಕೆ ಬರುತ್ತಾನೆ. ಬ್ರಿಟಿಷರ ಕಾಲ ಅನ್ನುವುದು ಒಂದು ಕಾಲವಲ್ಲ. ಚಕಮಕಿ ಕೋವಿಯಿಂದ ಹತ್ತು ಗುಂಡಿನ, ಪ್ರತಿ ಗುಂಡಿಗೂ ಬೋಲ್ಟ್ ಎಂಬ ಲೋಹದ ಅಗುಳಿಯನ್ನು ಕೈಯಿಂದ ಹಿಂದೆ ಮುಂದೆ ಎಳೆಯುವ ಬೋಲ್ಟ್ ರೈಫಲ್‌ವರೆಗೆ ಎಲ್ಲವೂ ಆ ಒಂದು ಮಾತಿನೊಳಗೆ ಅಡಗಿವೆ.

ಕೋವಿಗಳ ಹೆಸರಿಗೆ ಹೋಗುವ ಮೊದಲು ಐದು ಸಂಗತಿ ಬರೆದಿಟ್ಟುಕೊಳ್ಳಿ. ಕಥೆ ನಡೆಯುವ ಇಸವಿ ಯಾವುದು? ಕೋವಿ ಹಿಡಿದವನು ಯಾರು: ಬ್ರಿಟಿಷ್ ಸೈನಿಕನೋ, ಭಾರತೀಯ ಸಿಪಾಯಿಯೋ, ಪೊಲೀಸನೋ, ಜಮೀನ್ದಾರನೋ? ಕ್ಯಾಮೆರಾ ಅಥವಾ ಪ್ರೇಕ್ಷಕ ಎಷ್ಟು ದೂರದಲ್ಲಿದ್ದಾನೆ? ಆ ಕೋವಿ ದೃಶ್ಯದಲ್ಲಿ ಏನು ಮಾಡಬೇಕು: ಹೆಗಲ ಮೇಲಿದ್ದರೆ ಸಾಕೋ, ಗುಂಡು ತುಂಬುವುದು ಕಾಣಬೇಕೋ, ನಟ ಅದರೊಂದಿಗೆ ಬೀಳಬೇಕೋ? ದುಡ್ಡು ಕೊನೆಯ ಪ್ರಶ್ನೆ. ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಐದನೆಯದು ಅರ್ಧ ತಾನೇ ಬಗೆಹರಿಯುತ್ತದೆ, ಏಕೆಂದರೆ ಇಪ್ಪತ್ತು ಕೋವಿ ಬೇಕು ಅಂದುಕೊಂಡ ದೃಶ್ಯಕ್ಕೆ ಚೆನ್ನಾಗಿರುವ ಎರಡೇ ಸಾಕಾಗುತ್ತವೆ. ಉಳಿದ ಹದಿನೆಂಟು ಬರೀ ಆಕಾರವಾದರೆ ನಡೆಯುತ್ತದೆ.

ಎರಡನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1857ರ ದಂಗೆಯ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ತಮ್ಮ ಸೈನಿಕರಿಗಿಂತ ಒಂದು ತಲೆಮಾರು ಹಿಂದಿನ ಆಯುಧ ಕೊಡುವುದನ್ನು ನೀತಿಯನ್ನಾಗಿ ಮಾಡಿಕೊಂಡರು. ಹಾಗಾಗಿ ಒಂದೇ ವರ್ಷದ ಒಂದೇ ದೃಶ್ಯದಲ್ಲಿ ಗೋರಾ ಪಡೆಯ ಕೈಯಲ್ಲಿ ಒಂದು ಕೋವಿ, ಸಿಪಾಯಿಯ ಕೈಯಲ್ಲಿ ಇನ್ನೊಂದು ಕೋವಿ ಇರಬೇಕಾದ ಸಂದರ್ಭ ಬರುತ್ತದೆ. ಆ ವ್ಯತ್ಯಾಸವನ್ನು ತೋರಿಸಿದರೆ ಅವಿಶ್ವಾಸದ ಕಥೆಯನ್ನು ಒಂದೂ ಮಾತಿಲ್ಲದೆ ಹೇಳಿದಂತಾಗುತ್ತದೆ.

1857ಕ್ಕೆ ಮುಂಚಿನ ಕಥೆ

ಕಿತ್ತೂರು, ಸಂಗೊಳ್ಳಿ ರಾಯಣ್ಣ, ಟಿಪ್ಪು, ಕೊಡಗಿನ ಹಾಲೇರಿ ಅರಸರು: ಇವೆಲ್ಲ ಚಕಮಕಿ ಕೋವಿಯ ಕಾಲ. ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕಿತ್ತೂರಿನಲ್ಲಿ ಸತ್ತದ್ದು 1824ರ ಅಕ್ಟೋಬರ್ 23ರಂದು, ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಆಗ ಕಂಪನಿಯ ಸಿಪಾಯಿಯ ಕೈಯಲ್ಲಿದ್ದದ್ದು ಬ್ರೌನ್ ಬೆಸ್ ಎಂದು ಕರೆಯುವ, ಮುಕ್ಕಾಲು ಇಂಚಿನ ಬಾಯಿಯ, ಒಳಗೆ ನುಣುಪಾದ ಮಸ್ಕೆಟ್. ಅದರ ಬಲಮಗ್ಗುಲಲ್ಲಿ ಚಕಮಕಿ ಕಲ್ಲನ್ನು ಕಚ್ಚಿ ಹಿಡಿದ ಸುತ್ತಿಗೆ, ಅದರ ಮುಂದೆ ಸಣ್ಣ ಮದ್ದಿನ ಬಟ್ಟಲು. ಇಲ್ಲಿ ಬೋಲ್ಟ್ ಇರುವ ಯಾವ ರೈಫಲನ್ನೂ ಒಳಗೆ ಬಿಡಬೇಡಿ, ಎಷ್ಟು ದೂರದ ಶಾಟ್ ಆದರೂ ಸರಿ. ಬೋಲ್ಟಿನ ಗುಂಡಿ ಬಿಸಿಲಿಗೆ ಹೊಳೆಯುತ್ತದೆ, ಬರೀ ಆಕಾರದಲ್ಲೂ ಎದ್ದು ಕಾಣುತ್ತದೆ.

ಹಲಗಲಿಯ ಬೇಡರ ಕಥೆ 1857ರದೇ ಆದರೂ ಅಲ್ಲಿ ಎರಡು ಕಡೆಗೆ ಎರಡು ಆಯುಧ ಬೇಕು. ನಿಶ್ಶಸ್ತ್ರೀಕರಣ ಕಾಯ್ದೆಗೆ ತಲೆಬಾಗದೆ ಹತಾರ ಕೊಡುವುದಿಲ್ಲ ಎಂದು ನಿಂತವರು ಅವರು. ಅವರ ಕೈಗೆ ಮನೆತನದ ಬತ್ತಿ ಕೋವಿ ಒಪ್ಪುತ್ತದೆ, ಹೊಸ ಎನ್‌ಫೀಲ್ಡ್ ಒಪ್ಪುವುದಿಲ್ಲ.

ಪ್ಯಾಟರ್ನ್ 1853 ಎನ್‌ಫೀಲ್ಡ್

ಹಸು ಮತ್ತು ಹಂದಿಯ ಕೊಬ್ಬು ಸವರಿದ ತೋಟೆಯ ಸುದ್ದಿ ಹಬ್ಬಿದ್ದು ಈ ಕೋವಿಯ ಸುತ್ತ. ಉದ್ದ ಸುಮಾರು 140 ಸೆಂ.ಮೀ., ತೂಕ 4.3 ಕೆ.ಜಿ. ಹತ್ತಿರ, ಬಾಯಿಯ ಅಗಲ 14.7 ಮಿ.ಮೀ. ನಳಿಕೆಯನ್ನು ಮರಕ್ಕೆ ಬಿಗಿದ ಮೂರು ಲೋಹದ ಪಟ್ಟಿಗಳು ಇದರ ಗುರುತು. ನಳಿಕೆಯ ಕೆಳಗೆ ಗಜದ ಕಡ್ಡಿ, ಬಲಗಡೆ ಸುತ್ತಿಗೆ, ಸುತ್ತಿಗೆಯ ಕೆಳಗೆ ಬಡಿದರೆ ಕಿಡಿ ಹಾರಿಸಿ ಮದ್ದು ಹೊತ್ತಿಸುವ ತಾಮ್ರದ ಸಿಡಿಟೋಪಿ ಕೂರುವ ಮೊಲೆ.

ತುಂಬುವ ಕ್ರಮ ಇದು: ಕಾಗದದ ತೋಟೆಯ ತುದಿಯನ್ನು ಹಲ್ಲಿನಿಂದ ಹರಿಯಬೇಕು, ಮದ್ದನ್ನು ನಳಿಕೆಗೆ ಸುರಿಯಬೇಕು, ತೋಟೆಯನ್ನು ತಿರುಗಿಸಿ ಗುಂಡಿನ ಭಾಗವನ್ನು ನಳಿಕೆಯ ಬಾಯಿಗಿಟ್ಟು ಉಳಿದ ಕಾಗದ ಕಿತ್ತೊಗೆಯಬೇಕು, ಗಜದಿಂದ ಒತ್ತಬೇಕು, ಗಜವನ್ನು ಜಾಗಕ್ಕೆ ಸೇರಿಸಬೇಕು, ಸುತ್ತಿಗೆ ಅರ್ಧ ಎಳೆದು ಟೋಪಿ ಕೂರಿಸಬೇಕು, ಪೂರ್ತಿ ಎಳೆದು ಗುರಿಯಿಡಬೇಕು. ಪಳಗಿದ ಸೈನಿಕನಿಗೆ ನಿಮಿಷಕ್ಕೆ ಮೂರು ಸುತ್ತು. ಕೊಬ್ಬು ಸವರಿದ್ದು ಗುಂಡಿರುವ ತುದಿಗೆ, ಹಲ್ಲಿನಿಂದ ಹರಿಯುವುದು ಇನ್ನೊಂದು ತುದಿಯನ್ನು. ಆದರೆ ತೋಟೆ ಪೂರ್ತಿ ಕೈಬಾಯಿಗೆ ಬರುವ ವಸ್ತು, ಆ ಭಯ ಸುಳ್ಳಾಗಿರಲಿಲ್ಲ. ಹಾಗಾಗಿ ಹರಿಯುವ ಆ ಕ್ಷಣಕ್ಕೆ ಕ್ಲೋಸ್‌ಅಪ್ ಇಡುವವರು ನಿಜವಾದ ಕಾಗದದ ತೋಟೆ ಮಾಡಿಸಿ. ಪ್ಲಾಸ್ಟಿಕ್ ಕೊಳವೆ ಬೇಡ.

ಬಹಳ ಜನ ತಪ್ಪುವ ಜಾಗ ಇನ್ನೊಂದಿದೆ. 1857ರ ಮೊದಲ ತಿಂಗಳುಗಳಲ್ಲಿ ಬಂಗಾಳ ಸೈನ್ಯದ ಹೆಚ್ಚಿನ ಸಿಪಾಯಿಗಳ ಕೈಗೆ ಹೊಸ ಎನ್‌ಫೀಲ್ಡ್ ಇನ್ನೂ ಬಂದಿರಲೇ ಇಲ್ಲ. ಡಂಡಂ, ಅಂಬಾಲಾ, ಸಿಯಾಲ್‌ಕೋಟ್‌ಗಳ ತರಬೇತಿ ಕೇಂದ್ರಗಳಲ್ಲಿ ಅದರ ಪಾಠ ಶುರುವಾಗಿತ್ತಷ್ಟೆ. ಉಳಿದವರ ಬಳಿ ಇದ್ದದ್ದು ಹಳೆಯ ನುಣುಪು ನಳಿಕೆಯ ಸಿಡಿಟೋಪಿ ಮಸ್ಕೆಟ್. ಆದ್ದರಿಂದ ಬಂಡೆದ್ದ ಸಿಪಾಯಿಗೆ ಮಸ್ಕೆಟ್, ಎದುರಿನ ಬ್ರಿಟಿಷ್ ರೆಜಿಮೆಂಟಿಗೆ ಎನ್‌ಫೀಲ್ಡ್ ಕೊಟ್ಟರೆ ಇತಿಹಾಸಕ್ಕೆ ಹತ್ತಿರ. 2005ರ ಮಂಗಲ್ ಪಾಂಡೆ ಚಿತ್ರ ಈ ತೋಟೆಯ ಜಗಳವನ್ನೇ ಕಥೆಯ ಬೆನ್ನೆಲುಬು ಮಾಡಿಕೊಂಡ ಮೇಲೆ, ಮೂರು ಪಟ್ಟಿಯ ಎನ್‌ಫೀಲ್ಡೇ ಆ ವರ್ಷದ ಚಿಹ್ನೆ ಎಂದು ಪ್ರೇಕ್ಷಕರ ಮನಸ್ಸಿನಲ್ಲಿ ಕೂತಿದೆ. ದುಡ್ಡು ಒಂದೇ ಬಗೆಗೆ ಸಾಲುವುದಾದರೆ ಎನ್‌ಫೀಲ್ಡನ್ನೇ ಮಾಡಿಸಿ, ಯಾರೂ ಆಕ್ಷೇಪಿಸುವುದಿಲ್ಲ.

ಕರಿಮದ್ದಿನ ಹೊಗೆ ಮರೆಯಬೇಡಿ. ಹತ್ತು ಜನ ಒಮ್ಮೆ ಹಾರಿಸಿದರೆ ಎದುರಿನವರು ಬಿಳಿ ಮೋಡದ ಹಿಂದೆ ಮರೆಯಾಗುತ್ತಿದ್ದರು. ಹೊಗೆಯಿಲ್ಲದ 1857ರ ಯುದ್ಧ ನೋಡಿದವರಿಗೆ ಏನೋ ಖಾಲಿ ಅನ್ನಿಸುತ್ತದೆ, ಏಕೆಂದು ಹೇಳಲು ಬಾರದಿದ್ದರೂ.

ಸ್ನೈಡರ್, ಮಾರ್ಟಿನಿ ಹೆನ್ರಿ

1866ರಲ್ಲಿ ಬಂದ ಸ್ನೈಡರ್ ಎಂದರೆ ಎನ್‌ಫೀಲ್ಡಿನ ಹಿಂಬದಿ ಕೊರೆದು, ಬಲಕ್ಕೆ ತೆರೆದುಕೊಳ್ಳುವ ಮುಚ್ಚಳ ಕೂರಿಸಿದ್ದು. ಎನ್‌ಫೀಲ್ಡ್ ಪ್ರಾಪ್ (ರಂಗಕ್ಕೆ ಮಾಡಿಸಿದ ನಕಲು) ಇರುವವರಿಗೆ ಇದು ಬಹುತೇಕ ಪುಕ್ಕಟೆ: ಒಂದು ಮುಚ್ಚಳದ ಅಚ್ಚು ಅಂಟಿಸಿದರೆ ಇನ್ನೊಂದು ಕಾಲ ಸಿಗುತ್ತದೆ.

1871ರ ಮಾರ್ಟಿನಿ ಹೆನ್ರಿಯ ರೂಪವೇ ಬೇರೆ. ಹೊರಗೆ ಸುತ್ತಿಗೆ ಇಲ್ಲ. ಟ್ರಿಗರ್ ಹಿಂದೆ ಉದ್ದನೆಯ ಸನ್ನೆ ಇದೆ. ಅದನ್ನು ಕೆಳಗೆ ಎಳೆದರೆ ಒಳಗಿನ ಲೋಹದ ಬಿಲ್ಲೆ ತಗ್ಗಿ ಖಾಲಿ ತೋಟೆ ಹಿಂದಕ್ಕೆ ಹಾರುತ್ತದೆ. ಹೆಬ್ಬೆರಳಿನಿಂದ ಹೊಸ ತೋಟೆ ತಳ್ಳಿ ಸನ್ನೆ ಮೇಲೆತ್ತಿದರೆ ಸಿದ್ಧ. ಬಲಗಡೆ ಇರುವ ಹನಿಯಾಕಾರದ ಪುಟ್ಟ ಮುಳ್ಳು ಕೋವಿ ಸಿದ್ಧವಾಗಿದೆಯೋ ಇಲ್ಲವೋ ತೋರಿಸುತ್ತದೆ. ಉದ್ದ ಸುಮಾರು 125 ಸೆಂ.ಮೀ., ಬಾಯಿ 11.4 ಮಿ.ಮೀ., ಒಮ್ಮೆಗೆ ಒಂದೇ ಗುಂಡು. ತೆಳು ಹಿತ್ತಾಳೆ ತಗಡನ್ನು ಸುತ್ತಿ ಮಾಡಿದ ತೋಟೆ ಬಿಸಿಗೆ ಹಿಗ್ಗಿ ಕಚ್ಚಿಕೊಳ್ಳುತ್ತಿತ್ತು. ನಳಿಕೆ ಕಾದು ಕೈ ಸುಡುತ್ತದೆಂದು ಸೈನಿಕರು ಮುಂಗೈ ಹಿಡಿಯುವಲ್ಲಿ ಚರ್ಮ ಸುತ್ತಿ ಹೊಲಿಯುತ್ತಿದ್ದರು. ಆ ಚರ್ಮದ ಸುತ್ತು ಪ್ರಾಪಿಗೆ ಬಹಳ ಬೆಲೆ ತರುತ್ತದೆ: ಬಳಸಿದ ಆಯುಧ ಎಂದು ನೋಡಿದ ಕೂಡಲೇ ತಿಳಿಯುತ್ತದೆ, ಬಡಗಿ ಕೆಲಸದ ದೋಷಗಳೂ ಅದರಡಿ ಮುಚ್ಚಿಹೋಗುತ್ತವೆ.

ಈ ಕೋವಿಗೆ ಲೋಕಪ್ರಸಿದ್ಧಿ ತಂದದ್ದು 1879ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟ್‌ನಲ್ಲಿ ನಡೆದ ಕದನ, ಮತ್ತು ಅದನ್ನು ಆಧರಿಸಿದ 1964ರ 'ಜುಲು' ಚಿತ್ರ. ಅಷ್ಟು ದೊಡ್ಡ ಚಿತ್ರದಲ್ಲೂ ಎಲ್ಲರಿಗೂ ಮಾರ್ಟಿನಿ ಸಾಲದೆ ಕೆಲವು ಸೈನಿಕರ ಕೈಯಲ್ಲಿ ಬೋಲ್ಟ್ ರೈಫಲ್ ಉಳಿದಿವೆ, ಹುಡುಕಿದರೆ ಕಾಣುತ್ತವೆ. ಆದರೂ ಮುಂದಿನ ಸಾಲಿನವರ ಕೈಯಲ್ಲಿ ಸರಿಯಾದದ್ದಿತ್ತು. ಕಡಿಮೆ ದುಡ್ಡಿನವರಿಗೆ ಇದು ದೊಡ್ಡ ಪಾಠ.

ನಮ್ಮ ಕಡೆಯ ಕಥೆಗೆ ಮಾರ್ಟಿನಿ ಬೇಕಾಗುವುದು 1890ರ ದಶಕಕ್ಕೆ. ಬ್ರಿಟಿಷ್ ಸೈನಿಕ ಬೋಲ್ಟಿನ ಲೀ ಮೆಟ್‌ಫರ್ಡ್ ಹಿಡಿದಾಗ ಭಾರತೀಯ ಸಿಪಾಯಿಗೆ ದಾಟಿ ಬಂದದ್ದು ಈ ಒಂಟಿಗುಂಡಿನ ಕೋವಿ.

ಎಸ್‌ಎಂಎಲ್‌ಇ, ಅಂದರೆ ನಾವೆಲ್ಲ ಕರೆಯುವ ತ್ರೀ ನಾಟ್ ತ್ರೀ

ಯಾವುದಾದರೂ ಒಂದನ್ನೇ ಕೊಳ್ಳಬೇಕು ಅಥವಾ ಮಾಡಿಸಬೇಕು ಎಂದಾದರೆ ಹೆಚ್ಚು ಯೋಚಿಸದೆ ಇದನ್ನು ತೆಗೆದುಕೊಳ್ಳಿ. ಜೇಮ್ಸ್ ಪ್ಯಾರಿಸ್ ಲೀ ಕಂಡುಹಿಡಿದ ಬೋಲ್ಟ್, ಎನ್‌ಫೀಲ್ಡ್ ಕಾರ್ಖಾನೆಯ ನಳಿಕೆ: ಎರಡೂ ಸೇರಿ ಲೀ ಎನ್‌ಫೀಲ್ಡ್. ಅದರ ಗಿಡ್ಡ ರೂಪವೇ ಶಾರ್ಟ್ ಮ್ಯಾಗಜಿನ್ ಲೀ ಎನ್‌ಫೀಲ್ಡ್, ಚಿಕ್ಕದಾಗಿ ಎಸ್‌ಎಂಎಲ್‌ಇ; ಬಾಯಿ .303 ಇಂಚು ಆದ್ದರಿಂದ ತ್ರೀ ನಾಟ್ ತ್ರೀ. 1907ರಲ್ಲಿ ಬಂದ ಮಾರ್ಕ್ 3, ಮೊದಲ ಮಹಾಯುದ್ಧದ ಆತುರದಲ್ಲಿ ಕೆಲವು ಭಾಗ ಕಳಚಿ ಸರಳವಾದ ಮಾರ್ಕ್ 3 ಸ್ಟಾರ್, ಇವೆರಡೇ ನಮಗೆ ಮುಖ್ಯ. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ ಇದನ್ನೇ ದಶಕಗಟ್ಟಲೆ ತಯಾರಿಸಿತು. ಜಲಿಯನ್‌ವಾಲಾ ಬಾಗ್, ಎರಡೂ ಮಹಾಯುದ್ಧ, ಕ್ವಿಟ್ ಇಂಡಿಯಾ, 1962ರ ಹಿಮಾಲಯ, ಆಮೇಲೆ ಠಾಣೆಯ ಬಾಗಿಲಲ್ಲಿ ನಿಂತ ಪೇದೆ: ಎಲ್ಲ ಕಡೆಯೂ ಇದೇ ಆಕಾರ. ಉತ್ತರ ಪ್ರದೇಶ ಪೊಲೀಸರು ಇದಕ್ಕೆ ವಿಧ್ಯುಕ್ತ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಹೀಗೆ ನೂರಕ್ಕೂ ಹೆಚ್ಚು ವರ್ಷದ ಕಥೆಗಳಿಗೆ ಒಂದೇ ಪ್ರಾಪ್ ಸಾಕು. ಬೇರೆ ಯಾವ ಕೋವಿಯೂ ಇಷ್ಟು ದುಡಿಯುವುದಿಲ್ಲ.

ಅಳತೆ: ಉದ್ದ 113 ಸೆಂ.ಮೀ., ನಳಿಕೆ 25 ಇಂಚಿಗೆ ಚೂರು ಹೆಚ್ಚು, ತೂಕ 3.9 ಕೆ.ಜಿ. ಸುತ್ತಮುತ್ತ, ಬಾಯಿ 7.7 ಮಿ.ಮೀ. ಗುರುತು ಅದರ ಮೂತಿ. ಮರ ನಳಿಕೆಯ ತುದಿಯವರೆಗೂ ಹೋಗಿ, ಕೊನೆಯಲ್ಲಿ ಮೊಂಡಾದ ಲೋಹದ ಮುಖವಾಡ ಕೂರುತ್ತದೆ. ಅದರ ಮೇಲೆ ಗುರಿಮಣಿಯನ್ನು ಕಾಯುವ ಎರಡು ಕಿವಿ, ಕೆಳಗೆ ಬಯೊನೆಟ್ ಸಿಕ್ಕಿಸುವ ಗುಬುಟು. ನಳಿಕೆ ಹೊರಗೆ ಇಣುಕುವುದೇ ಇಲ್ಲ ಅನ್ನಬೇಕು. ಬಡಗಿಯಿಂದ ಮಾಡಿಸುವಾಗ ನಾಲ್ಕರಲ್ಲಿ ಮೂರು ಪಾಲು ಗಮನ ಈ ಮೂತಿಗೆ ಕೊಡಿ. ಮರದಲ್ಲಿ ಕೆತ್ತಿದರೆ ಕಿವಿಗಳು ಮೊದಲ ದಿನವೇ ಮುರಿಯುತ್ತವೆ, ಆದ್ದರಿಂದ ಮೂತಿಯನ್ನು ರೆಸಿನ್‌ನಲ್ಲಿ ಅಚ್ಚು ಹಾಕಿ ಅಥವಾ ತ್ರೀಡಿ ಪ್ರಿಂಟ್ ತೆಗೆಸಿ, ಒಳಗಿನಿಂದ ಸ್ಕ್ರೂ ಬಿಗಿದು ಕೂರಿಸಿ.

ಬಾಯಿಯ ರಂಧ್ರದ ವಿಚಾರದಲ್ಲಿ ಎಚ್ಚರ. ಸಿಕ್ಕ ಕಬ್ಬಿಣದ ಪೈಪನ್ನೇ ನಳಿಕೆ ಮಾಡಿದರೆ 12 ಮಿ.ಮೀ. ಕಂಡಿ ಎದುರಿನಿಂದ ಬೇಟೆ ಕೋವಿಯ ಹಾಗೆ ಕಾಣುತ್ತದೆ. ಪೈಪಿನ ತುದಿಗೆ ಗಟ್ಟಿ ಬಿರಟೆ ಹಾಕಿ, 7.7 ಮಿ.ಮೀ.ಗೆ ಹತ್ತಿರದ ಬೈರಿಗೆಯಿಂದ ಒಂದು ಇಂಚು ಆಳ ಕೊರೆಯಿಸಿ. ಪೂರ್ತಿ ಕೊರೆಯಬೇಡಿ. ಅದು ಯಾವತ್ತೂ ಕೋವಿಯಾಗಲಾರದು ಎಂದು ಪೊಲೀಸರಿಗೆ ತೋರಿಸುವುದಕ್ಕೂ ಆ ಮುಚ್ಚಿದ ನಳಿಕೆ ಬೇಕು.

ಮರಕ್ಕೆ ಹೊಳೆಯುವ ವಾರ್ನಿಷ್ ಬಳಿದರೆ ಕ್ಯಾಮೆರಾ ಮುಂದೆ ಮೇಜಿನ ಕಾಲಿನಂತೆ ಮಿಂಚುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಉಜ್ಜಿ, ಒಣಗಿದ ಮೇಲೆ ಮತ್ತೆ ಉಜ್ಜಿ. ನಾಲ್ಕೈದು ಸಲ ಆದ ಮೇಲೆ ಕೈ ಬಳಸಿದ ಮರದ ಮಬ್ಬು ಹೊಳಪು ಬರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ. ಹಿಂಬದಿಯ ತಗಡು ಹಿತ್ತಾಳೆಯದು, ಅದರಲ್ಲಿ ಒಂದು ಪುಟ್ಟ ಬಾಗಿಲು. ಎಣ್ಣೆ ಬಾಟಲಿ, ನಳಿಕೆ ಒರೆಸುವ ಹಗ್ಗ ಇಡುತ್ತಿದ್ದ ಗೂಡು ಅದು. ಸಿಪಾಯಿ ಆ ಬಾಗಿಲು ತೆರೆದು ಕೋವಿ ಒರೆಸುತ್ತ ಕೂತ ಒಂದು ದೃಶ್ಯ ಇಟ್ಟರೆ ಹಿತ್ತಾಳೆಗೆ ಹಾಕಿದ ದುಡ್ಡು ಸಾರ್ಥಕ.

ಇನ್ನು ನಟನ ಕೈ. ತ್ರೀ ನಾಟ್ ತ್ರೀ ದೃಶ್ಯಗಳು ಹೆಚ್ಚಾಗಿ ಕೆಡುವುದು ಕೋವಿಯಿಂದಲ್ಲ, ಅದನ್ನು ಹಿಡಿದ ರೀತಿಯಿಂದ. ಬೋಲ್ಟಿನ ಗುಂಡಿಯನ್ನು 60 ಡಿಗ್ರಿಯಷ್ಟು ಮೇಲೆತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಿ, ಕೆಳಗೆ ಒತ್ತಬೇಕು. ಈ ರೈಫಲಿನ ವಿಶೇಷವೆಂದರೆ ಸ್ಪ್ರಿಂಗ್ ಬಿಗಿಯುವುದು ಮುಂದಕ್ಕೆ ತಳ್ಳುವಾಗ. ಎಳೆಯುವುದು ಸಲೀಸು, ತಳ್ಳುವ ಕೊನೆಯ ಒಂದು ಇಂಚಿನಲ್ಲಿ ಕೈಗೆ ಪ್ರತಿರೋಧ ಸಿಗುತ್ತದೆ. ಸ್ಪ್ರಿಂಗ್ ಇಲ್ಲದ ಪ್ರಾಪ್ ಹಿಡಿದ ನಟ ಅದನ್ನು ಅಭಿನಯಿಸಬೇಕು: ಅಂಗೈ ಒತ್ತಿ, ಭುಜ ಚೂರು ಮುಂದೆ ಬಂದು, ಆಮೇಲೆ ಗುಂಡಿ ಕೆಳಗೆ. ಪಳಗಿದ ಸೈನಿಕ ಇಷ್ಟನ್ನೂ ಹಿಡಿಯನ್ನು ಹೆಗಲಿನಿಂದ ಇಳಿಸದೆ ಮಾಡುತ್ತಿದ್ದ. ಮೊದಲ ಮಹಾಯುದ್ಧಕ್ಕೆ ಮುಂಚಿನ ಬ್ರಿಟಿಷ್ ತರಬೇತಿಯಲ್ಲಿ 300 ಗಜ ದೂರದ ಗುರಿಗೆ ನಿಮಿಷಕ್ಕೆ 15 ಸುತ್ತು ನಿರೀಕ್ಷಿಸುತ್ತಿದ್ದರು. ಪ್ರತಿ ಗುಂಡಿಗೂ ಕೋವಿಯನ್ನು ಸೊಂಟಕ್ಕೆ ತಂದು ಬೋಲ್ಟ್ ಎಳೆಯುವುದು ಹೊಸಬನ ಗುರುತು. ಪಾತ್ರ ಹೊಸಬನದ್ದಾದರೆ ಹಾಗೆಯೇ ಮಾಡಿಸಿ.

ಮ್ಯಾಗಜಿನ್, ಅಂದರೆ ಬೋಲ್ಟಿನ ಕೆಳಗಿನ ತೋಟೆ ಪೆಟ್ಟಿಗೆ, ಹತ್ತು ಗುಂಡಿನದು. ಆದರೆ ಅದನ್ನು ಕಳಚಿ ಹೊಸದನ್ನು ಹಾಕುವುದು ಕ್ರಮವಲ್ಲ, ಅದು ಶುಚಿ ಮಾಡಲು ಮಾತ್ರ ಕಳಚುವಂಥದ್ದು. ಐದೈದು ತೋಟೆ ಹಿಡಿದ ತಗಡಿನ ಚಾರ್ಜರನ್ನು ಬೋಲ್ಟಿನ ಮೇಲಿನ ಸೇತುವೆಗೆ ಸಿಕ್ಕಿಸಿ, ಹೆಬ್ಬೆರಳಿನಿಂದ ಒಂದೇ ಒತ್ತಿನಲ್ಲಿ ಕೆಳಗಿಳಿಸುತ್ತಾರೆ. ಖಾಲಿ ತಗಡು ಬೋಲ್ಟ್ ಮುಚ್ಚಿದಾಗ ತಾನೇ ಹಾರಿ ಬೀಳುತ್ತದೆ. ಎರಡು ಚಾರ್ಜರ್ ಅಂದರೆ ಹತ್ತು. ತೋಟೆಯ ಬುಡಕ್ಕೆ ಅಂಚು ಇರುವುದರಿಂದ ಮೇಲಿನ ತೋಟೆಯ ಅಂಚು ಕೆಳಗಿನದರ ಹಿಂದೆ ಸಿಕ್ಕಿದರೆ ಸಾಲು ಕಚ್ಚಿಕೊಳ್ಳುತ್ತದೆ. ಕಥೆಯಲ್ಲಿ ಕೋವಿ ಕೈಕೊಡಬೇಕಾದರೆ ಇದಕ್ಕಿಂತ ನಿಜವಾದ ಕಾರಣ ಬೇರೆ ಬೇಡ.

ಈ ಎಣಿಕೆ ಎಷ್ಟು ಮುಖ್ಯ ಎಂಬುದಕ್ಕೆ ಜಲಿಯನ್‌ವಾಲಾ ಬಾಗ್ ನೋಡಿ. 1919ರ ಏಪ್ರಿಲ್ 13ರಂದು 50 ರೈಫಲ್‌ಗಳಿಂದ ಹಾರಿದ್ದು 1,650 ಸುತ್ತು, ಸುಮಾರು ಹತ್ತು ನಿಮಿಷ. ತಲಾ 33 ಗುಂಡು. ಅಂದರೆ ಪ್ರತಿಯೊಬ್ಬನೂ ಮೂರು ಸಲ ನಿಲ್ಲಿಸಿ, ಕೈಚೀಲಕ್ಕೆ ಕೈಹಾಕಿ, ಚಾರ್ಜರ್ ತೆಗೆದು, ತುಂಬಿ, ಮತ್ತೆ ಗುರಿಯಿಟ್ಟ. ಆ ನಿಲುಗಡೆ, ಆ ಲೋಹದ ಸದ್ದು, ಮತ್ತೆ ಶುರುವಾಗುವ ಗುಂಡು: ಇವನ್ನು ತೋರಿಸದೆ ಮೆಷಿನ್‌ಗನ್ನಿನಂತೆ ಎಡೆಬಿಡದೆ ಹಾರಿಸಿದರೆ ಆ ದಿನದ ಕ್ರೌರ್ಯ ಕಡಿಮೆಯಾಗುತ್ತದೆ. ಅದು ಆವೇಶದಲ್ಲಿ ಆದದ್ದಲ್ಲ ಎನ್ನುವುದಕ್ಕೆ ಸಾಕ್ಷಿಯೇ ಆ ಮರುತುಂಬುವಿಕೆ.

ಈ ರೈಫಲಿನ ತೋಟೆಯಲ್ಲಿರುವ ಕಾರ್ಡೈಟ್ ಮದ್ದು ಬಿಳಿ ಮೋಡ ಎಬ್ಬಿಸುವುದಿಲ್ಲ, ತೆಳು ಹಬೆಯಷ್ಟೇ. 1857ಕ್ಕೆ ಹಾಕಿದ ಹೊಗೆಯನ್ನು ಇಲ್ಲಿಗೂ ಹಾಕಬೇಡಿ.

ಚಲನಚಿತ್ರದಲ್ಲಿ ಇದರ ಸರಿಯಾದ ಬಳಕೆ ನೋಡಬೇಕಾದರೆ 1981ರ 'ಗ್ಯಾಲಿಪೊಲಿ', 2019ರ '1917' ಸಾಕು. ಲಾರೆನ್ಸ್ ಆಫ್ ಅರೇಬಿಯಾ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸ್ ಬಳಸಿದ ನಿಜವಾದ ರೈಫಲ್ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿದೆ. ತುರ್ಕರು ಅದನ್ನು ಗ್ಯಾಲಿಪೊಲಿಯಲ್ಲಿ ಬ್ರಿಟಿಷರಿಂದ ವಶಪಡಿಸಿಕೊಂಡು, ಚಿನ್ನದ ಅಕ್ಷರ ಕೂರಿಸಿ ಅರಬ್ ನಾಯಕ ಫೈಸಲ್‌ಗೆ ಕೊಟ್ಟಿದ್ದರು. ಫೈಸಲ್ ಲಾರೆನ್ಸಿಗೆ ಕೊಟ್ಟ. ಅರಬ್ ಪಾತ್ರದ ಕೈಯಲ್ಲಿ ಬ್ರಿಟಿಷ್ ರೈಫಲ್ ಹೇಗೆ ಬಂತು ಎಂದು ಕೇಳುವವರಿಗೆ ಅದೇ ಉತ್ತರ. ಆಟಗಳಲ್ಲಿ 'ಬ್ಯಾಟಲ್‌ಫೀಲ್ಡ್ 1' ಇದನ್ನು ಮೂರು ರೂಪದಲ್ಲಿ ಕೊಟ್ಟಿದೆ. ಚಾರ್ಜರ್ ಒತ್ತುವ ಕೈಚಲನೆ ಕಲಿಯಬೇಕಾದ ನಟರು ಅದರ ದೃಶ್ಯ ನೋಡಬಹುದು. 1918ರ ಸೆಪ್ಟೆಂಬರ್ 23ರ ಹೈಫಾ ಕದನದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಮಾಡುವವರು ಮಾತ್ರ ಭರ್ಜಿಗೆ ಮೊದಲ ಜಾಗ ಕೊಡಿ.

ಹೋಲುವ ತಮ್ಮಂದಿರು

ಗುಂಪಿನ ದೃಶ್ಯಕ್ಕೆ .410 ಮಸ್ಕೆಟ್ ಎಂಬುದು ವರ. ಹೊರಗಿನಿಂದ ತ್ರೀ ನಾಟ್ ತ್ರೀಯೇ. ಇಶಾಪುರದಲ್ಲಿ ನಳಿಕೆಯನ್ನು ನುಣುಪಾಗಿ ಕೊರೆದು, ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ತುಂಬಿ, ಒಮ್ಮೆಗೆ ಒಂದೇ ತೋಟೆ ಹಾಕುವಂತೆ ಮಾಡಿ ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟರು. ವಿದುರಾಶ್ವತ್ಥ, ಈಸೂರಿನಂಥ 1938–42ರ ಕಥೆಗಳಿಗೆ ಈ ಆಕಾರ ಸಾಕು, ಮ್ಯಾಗಜಿನ್ ಇಲ್ಲದ ಅಗ್ಗದ ಪ್ರಾಪ್‌ಗೂ ಇದೇ ಸಮರ್ಥನೆ ಆಗುತ್ತದೆ.

ನಂ. 4 ರೈಫಲ್ ಎರಡನೆಯ ಮಹಾಯುದ್ಧದ್ದು. ಇದರ ನಳಿಕೆಯ ತುದಿ ಮರದಿಂದ ಬೆತ್ತಲಾಗಿ ಹೊರಗೆ ಚಾಚಿದೆ, ಹಿಂದಿನ ಗುರಿ ಕಣ್ಣಿನ ಹತ್ತಿರ ತೂತಿನ ರೂಪದಲ್ಲಿದೆ, ಬಯೊನೆಟ್ ಕತ್ತಿಯಲ್ಲ, ಎಂಟು ಇಂಚಿನ ಮೊಳೆ. ಇಟಲಿಯಲ್ಲಿ ಕಾದಿದ ಭಾರತೀಯ ಡಿವಿಷನ್‌ಗಳ ಕಥೆಗೆ ಒಪ್ಪುತ್ತದೆ. ಇಶಾಪುರ ಇದನ್ನು ತಯಾರಿಸಲೇ ಇಲ್ಲ, ಹಾಗಾಗಿ ನಮ್ಮ ಊರಿನ ಠಾಣೆಯ ಪೇದೆಗೆ ಇದನ್ನು ಕೊಡಬೇಡಿ. ವಿದೇಶದಲ್ಲಿರುವ ಕನ್ನಡಿಗರು ಅಲ್ಲಿನ ಕನ್ನಡ ಕೂಟದ ನಾಟಕಕ್ಕೆ ಪ್ರತಿಕೃತಿ ಹುಡುಕುವಾಗ ನಂ. 4 ಕಣ್ಣಿಗೆ ಬೀಳಬಹುದು. ಹಿಂದಿನ ಸಾಲಿಗೆ ಸರಿ, ಮುಂದಿನ ಸಾಲಿಗೆ ಬೇಡ.

ನಂ. 5, ಅಂದರೆ ಜಂಗಲ್ ಕಾರ್ಬೈನ್, ನೋಡಲು ಚೆಂದ: ಗಿಡ್ಡ, ತುದಿಯಲ್ಲಿ ಜ್ವಾಲೆ ಅಡಗಿಸುವ ಆಲಿಕೆ. ಆ ಚೆಂದಕ್ಕೇ ಕಲಾ ನಿರ್ದೇಶಕರು ಮರುಳಾಗುತ್ತಾರೆ. 1944ಕ್ಕೆ ಮುಂಚಿನ ಯಾವ ಕಥೆಯಲ್ಲೂ ಇದಕ್ಕೆ ಜಾಗವಿಲ್ಲ.

ಇಶಾಪುರ 2ಎ1 ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮೋಸ ಹೋಗುವುದು ಇಲ್ಲಿಯೇ. 1962ರ ಚೀನಾ ಯುದ್ಧದ ನಂತರ ಹಳೆಯ ಎಸ್‌ಎಂಎಲ್‌ಇ ರೂಪವನ್ನೇ 7.62 ಮಿ.ಮೀ. ತೋಟೆಗೆ ಗಟ್ಟಿ ಉಕ್ಕಿನಲ್ಲಿ ತಯಾರಿಸಿದರು. 1965ರ ಹೊತ್ತಿಗೆ 2ಎ1 ಬಂತು. ಮೂತಿ ಅದೇ, ಮರ ಅದೇ, ಬಯೊನೆಟ್ ಕೂಡ ಅದೇ. ವ್ಯತ್ಯಾಸ ಮ್ಯಾಗಜಿನ್‌ನಲ್ಲಿ: ಹಳೆಯದರ ತಳ ಓರೆಯಾಗಿ ಇಳಿಯುತ್ತದೆ, ಇದರದ್ದು ಚೌಕ ಪೆಟ್ಟಿಗೆ. ಗುರಿಪಟ್ಟಿಯ ಮೇಲಿನ ಅಂಕೆ ಹಳೆಯದರಲ್ಲಿ 2000 ಗಜದವರೆಗೆ, ಇದರಲ್ಲಿ 800 ಮೀಟರಿನವರೆಗೆ. 1970ರ ನಂತರದ ಪೊಲೀಸ್ ಕಥೆಗೆ 2ಎ1 ಹಾಗೆಯೇ ಸರಿ. 1942ಕ್ಕೆ ಬಳಸಲೇಬೇಕಾದರೆ ಎಡಗಡೆಯಿಂದ ಚಿತ್ರೀಕರಿಸಿ, ಮ್ಯಾಗಜಿನ್ ಮೇಲೆ ನಟನ ಕೈ ಇರಲಿ. ಹಿಡಿಗೂ ಬೋಲ್ಟಿಗೂ ನಡುವಿನ ಲೋಹದ ಕತ್ತಿನ ಬಲಮಗ್ಗುಲಲ್ಲಿ ತಯಾರಿಕೆಯ ಇಸವಿ ಒತ್ತಿರುತ್ತದೆ. ಬ್ರಿಟಿಷ್ ಕಾಲದ್ದಾದರೆ ಕಿರೀಟ, ಸ್ವಾತಂತ್ರ್ಯದ ನಂತರದ್ದಾದರೆ ಅಶೋಕ ಸಿಂಹ. ಬ್ರಿಟಿಷ್ ಸಾರ್ಜಂಟನ ಕೋವಿಯ ಮೇಲೆ ಅಶೋಕ ಸಿಂಹ ಕಂಡರೆ ಇಡೀ ದೃಶ್ಯ ಹೋದಂತೆಯೇ. ಕಪ್ಪು ಮೇಣ ಮೆತ್ತಿದರೆ ಮುಚ್ಚಿಹೋಗುತ್ತದೆ.

ಕೊಡಗಿನ ಕಾಫಿ ತೋಟದ ಯಜಮಾನ, ಮಲೆನಾಡಿನ ಬೇಟೆಗಾರ, ಊರಿನ ಪಟೇಲ: ಇವರ ಕೈಗೆ ತ್ರೀ ನಾಟ್ ತ್ರೀ ಕೊಡಬೇಡಿ. ಸೇನೆಯ ತೋಟೆ ನಾಗರಿಕರಿಗೆ ಸಿಗಬಾರದೆಂಬುದು ಬ್ರಿಟಿಷರ ನೀತಿ, ಇವತ್ತಿಗೂ .303 ನಿಷಿದ್ಧ ಬೋರ್ (ನಳಿಕೆಯ ಅಳತೆ). ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಇದ್ದರೂ ಅದು ಸೇನಾ ರೈಫಲಿಗೆ ಅನ್ವಯಿಸುವುದಿಲ್ಲ. ಕೈಲ್ ಮುಹೂರ್ತದ ಪೂಜೆಯ ದೃಶ್ಯಕ್ಕೆ ಒಂಟಿನಳಿಕೆ, ಜೋಡುನಳಿಕೆ ಕೋವಿ ಇಡಿ. ಬೋಲ್ಟ್ ರೈಫಲೇ ಬೇಕಾದರೆ ಲೀ ಎನ್‌ಫೀಲ್ಡ್ ಬೋಲ್ಟನ್ನೇ ಆಧರಿಸಿ ಆರ್ಡ್‌ನೆನ್ಸ್ ಕಾರ್ಖಾನೆ ನಾಗರಿಕರಿಗಾಗಿ ಮಾಡಿದ .315 ಇದೆ. ತ್ರೀ ನಾಟ್ ತ್ರೀ ಪ್ರಾಪಿನ ಮೂತಿ ಕಳಚಿ, ಮುಂದಿನ ಮರವನ್ನು ಅರ್ಧಕ್ಕೆ ಕತ್ತರಿಸಿ, ನಳಿಕೆ ಹೊರಗೆ ಬಿಟ್ಟರೆ ಬಹುತೇಕ ಅದೇ ರೂಪ.

ದುಡ್ಡಿಗೆ ತಕ್ಕ ಜೋಡಣೆ

ರಂಗಭೂಮಿಗೆ ಮೊದಲ ಸಾಲಿನ ಪ್ರೇಕ್ಷಕನೂ ಹತ್ತು ಅಡಿ ದೂರ ಇರುತ್ತಾನೆ. ಮರದ ಆಕಾರ, ರೆಸಿನ್ ಮೂತಿ, ಅಲ್ಲಾಡದ ಬೋಲ್ಟ್ ಸಾಕು. ಆದರೆ ತೂಕ ಬೇಕು. ಹಗುರ ಮರದ ಕೋವಿಯನ್ನು ನಟ ಬೆತ್ತದಂತೆ ಬೀಸುತ್ತಾನೆ, ಅದು ಹಿಂದಿನ ಸಾಲಿಗೂ ಗೊತ್ತಾಗುತ್ತದೆ. ಹಿಡಿಯೊಳಗೆ ಸೀಸ, ನಳಿಕೆಯೊಳಗೆ ಕಬ್ಬಿಣದ ಸರಳು ಸೇರಿಸಿ ಕನಿಷ್ಠ ಮೂರು ಕೆ.ಜಿ. ಮಾಡಿ. ಮ್ಯಾಗಜಿನ್ನಿನ ಸ್ವಲ್ಪ ಮುಂದೆ ಬೆರಳ ಮೇಲಿಟ್ಟರೆ ತೂಗಿ ನಿಲ್ಲಬೇಕು.

ಕಿರುಚಿತ್ರಕ್ಕೆ ಬೋಲ್ಟ್ ಆಡುವ ಲೋಹದ ಪ್ರತಿಕೃತಿ ಒಂದು, ಮರದ್ದು ನಾಲ್ಕೈದು, ಬೀಳುವ ಓಡುವ ದೃಶ್ಯಕ್ಕೆ ರಬ್ಬರಿನದು ಒಂದು. ರಬ್ಬರ್ ಕೋವಿ ಬಿಸಿಲಿನಲ್ಲಿ ಬಾಗುತ್ತದೆ, ಗೋಡೆಗೆ ಒರಗಿಸಿ ಇಡಬೇಡಿ, ಮಲಗಿಸಿ. ಬೆಂಕಿಯ ಕಿಡಿಯನ್ನು ಸಂಕಲನದಲ್ಲಿ ಸೇರಿಸಿ, ಬೋಲ್ಟಿನ ಸದ್ದನ್ನು ಬೇರೆಯಾಗಿ ಧ್ವನಿಮುದ್ರಿಸಿ. ಖಾಲಿ ತೋಟೆ ಹಾರುವುದು ಗುಂಡು ಹಾರಿದಾಗಲ್ಲ, ಬೋಲ್ಟ್ ಹಿಂದಕ್ಕೆ ಎಳೆದಾಗ. ಗ್ರಾಫಿಕ್ಸ್ ಮಾಡುವವರಿಗೆ ಇದನ್ನು ಬರೆದೇ ಕೊಡಿ.

ನಿಜವಾದ ಕೋವಿಯಲ್ಲಿ ಬ್ಲ್ಯಾಂಕ್ ತೋಟೆ ಹಾರಿಸುವ ಯೋಚನೆ ಪರವಾನಗಿ ಇರುವ ಶಸ್ತ್ರ ನಿರ್ವಾಹಕ ಮತ್ತು ಪೊಲೀಸರ ಲಿಖಿತ ಅನುಮತಿ ಇದ್ದರೆ ಮಾತ್ರ. 1993ರಲ್ಲಿ ಅಮೆರಿಕದ ಚಿತ್ರೀಕರಣವೊಂದರಲ್ಲಿ ನಟ ಬ್ರಾಂಡನ್ ಲೀ ಸತ್ತದ್ದು ಹೀಗೆ: ಹಿಂದಿನ ದೃಶ್ಯಕ್ಕೆ ಬಳಸಿದ ನಕಲಿ ತೋಟೆಯ ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿತ್ತು, ಆಮೇಲೆ ಹಾರಿಸಿದ ಬ್ಲ್ಯಾಂಕ್ ತೋಟೆಯ ರಭಸ ಅದನ್ನು ಹೊರದಬ್ಬಿತು. ಬ್ಲ್ಯಾಂಕ್ ಅಂದರೆ ಗುಂಡು ಇಲ್ಲ ಅಷ್ಟೇ, ಮದ್ದು ಇದೆ. ಚಿಕ್ಕ ತಂಡಗಳು ಈ ದಾರಿಗೆ ಹೋಗುವ ಅಗತ್ಯವೇ ಇಲ್ಲ.

ಪ್ರಾಪ್ ಆದರೂ ಹೊರಾಂಗಣ ಚಿತ್ರೀಕರಣಕ್ಕೆ ಮುಂಚೆ ಠಾಣೆಗೆ ಫೋಟೋ, ಸಂಖ್ಯೆ, ದಿನ, ಜಾಗ ಬರೆದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾಗಿಸುವಾಗ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡಿ, ಬೈಕಿನ ಹಿಂದೆ ಕೂತವನ ಹೆಗಲಿಗೆ ಹಾಕಬೇಡಿ. ಮರುದಿನದ ದೃಶ್ಯಕ್ಕೆ ಹಿಂದಿನ ರಾತ್ರಿಯೇ ಪ್ರತಿ ಕೋವಿಯ ಮೂತಿ ಅಲ್ಲಾಡುತ್ತದೆಯೇ, ಪಟ್ಟಿಯ ಕೊಂಡಿ ಭದ್ರವಾಗಿದೆಯೇ ಎಂದು ಎಳೆದು ನೋಡಿ. ಕವಾಯತಿನಲ್ಲಿ ಹಿಡಿಯನ್ನು ನೆಲಕ್ಕೆ ಕುಟ್ಟುವಾಗ ಮೊದಲು ಕಳಚುವುದು ಅವೆರಡೇ.